ಈಹೊತ್ತಿನ ಮಟ್ಟಿಗೆ

ನನ್ನ ಊರು ದೇವಸಮುದ್ರವೆಂದು ಹೇಳಿದೊಡನೆ, ಹಾಸ್ಟೆಲಿಗೆ ಹೊಸದಾಗಿ ಬಂದ ಗೆಳೆಯರು ಕೇಳುವ ಮೊದಲ ಪ್ರಶ್ನೆ, "ಅಲ್ಲಿ ಸಮುದ್ರ ಎಲ್ಲಿದೆಯೋ?" ಎಂಬುದು. ಮೊಳಕಾಲ್ಮೂರು ಸೀಮೆಯ ಬಿಸಿಲನ್ನೂ ಬಂಡೆಗಳನ್ನೂ ಒಮ್ಮೆ ಕಂಡವರು ಈ ಪ್ರಶ್ನೆಯನ್ನು ಎರಡನೆಯ ಸಲ ಕೇಳುವುದಿಲ್ಲ. ಬಯಲುಸೀಮೆಯ ಹಿರಿಯರು ಕೆರೆಯನ್ನೇ ಸಮುದ್ರವೆಂದು ಕರೆದು ತೃಪ್ತಿಪಟ್ಟವರು. ಹೆಸರಿನ ಉತ್ತರಾರ್ಧದ ಗತಿ ಹೀಗಾದರೂ ಪೂರ್ವಾರ್ಧಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ಶೇಂಗಾ ಬಿತ್ತಿ ಆಕಾಶ ನೋಡುತ್ತ ಕೂರುವ ಜನ ದೇವರನ್ನು ಮರೆತು ಬದುಕುವುದಾದರೂ ಹೇಗೆ? ಮಳೆ ಹೋದ ವರ್ಷ ಹುಡುಗರು ಮಣ್ಣಿನ ಮಳೆರಾಯನನ್ನು ತಲೆಯ ಮೇಲೆ ಹೊತ್ತು ಮನೆಮನೆಗೆ ಬರುತ್ತಾರೆ. ಮನೆಯವರು ಒಂದು ತಂಬಿಗೆ ನೀರು ಸುರಿದು ಕಾಳೋ ಹಿಟ್ಟೋ ನೀಡುತ್ತಾರೆ. ಮುಸಲ್ಮಾನ ನೆರೆಯವರು ಮಳೆಗಾಗಿ ನಮಾಜು ಮಾಡುತ್ತಾರೆ. ನಮ್ಮ ಮನೆಯ ಸಂಜೆಯ ಪ್ರಾರ್ಥನೆಯಲ್ಲಿ ಅಪ್ಪ ಬೇರೆಲ್ಲ ಮಾತಿಗಿಂತ ಮೊದಲು ಮಳೆಯ ಮಾತನ್ನೆತ್ತುತ್ತಾರೆ.

ನಮ್ಮದು ಕ್ರೈಸ್ತರ ಮನೆ. ತಾತ ಬಳ್ಳಾರಿಯ ಕಡೆಯವರು. ಶಾಲೆಯ ಮೇಷ್ಟರಾಗಿ ಈ ಕಡೆಗೆ ಬಂದು, ನಾಲ್ಕು ಎಕರೆ ಖುಷ್ಕಿ ಹೊಲ ಕೊಂಡು, ಇಲ್ಲೇ ನೆಲೆನಿಂತರು. ಅಜ್ಜಿ ಈಗಲೂ ತಮಾಷೆಗೆ "ನಾನು ಮದರಾಸಿನವಳು" ಎನ್ನುವುದುಂಟು. ಮಾತು ಸುಳ್ಳಲ್ಲ, ಅವಳು ಹುಟ್ಟಿದಾಗ ಬಳ್ಳಾರಿ ಮದರಾಸು ಪ್ರಾಂತಕ್ಕೆ ಸೇರಿತ್ತು. 1953ರ ಅಕ್ಟೋಬರ್ 1ರಂದು ಅದು ಮೈಸೂರಿಗೆ ಸೇರಿತು. ನಮ್ಮ ಊರು ಮೊದಲಿನಿಂದಲೂ ಮೈಸೂರಿನದೇ. ಹೀಗೆ ಒಂದೇ ಬಿಸಿಲು, ಒಂದೇ ಕನ್ನಡ, ಒಂದೇ ಬರವನ್ನು ಹಂಚಿಕೊಂಡ ಎರಡು ಊರುಗಳ ನಡುವೆ ಒಂದು ಕಾಲಕ್ಕೆ ಗಡಿಯೊಂದಿತ್ತು.

ಅಜ್ಜಿಯ ಸತ್ಯವೇದಕ್ಕೆ ತಾತನ ಹಳೆಯ ಪಂಚೆಯ ತುಂಡಿನ ಹೊದಿಕೆ. ಅದನ್ನು ಬಿಚ್ಚುವುದು ಸಂಜೆ ಏಳು ಗಂಟೆಗೆ. ಅಮ್ಮ ಒಲೆಯ ಉರಿ ತಗ್ಗಿಸಿ ಬಂದು ಕೂರುತ್ತಾಳೆ. ಪಕ್ಕದ ಮನೆಯ ಟಿ.ವಿ.ಯಿಂದ ಧಾರಾವಾಹಿಯ ಅತ್ತೆಸೊಸೆಯರ ಜಗಳ ಗೋಡೆ ದಾಟಿ ಬರುತ್ತಿರುತ್ತದೆ. ಒಂದು ಕೀರ್ತನೆ, ಒಂದು ಹಾಡು, ಅಪ್ಪನ ಪ್ರಾರ್ಥನೆ, ಕಡೆಗೆ ಎಲ್ಲರೂ ಕೂಡಿ ಕರ್ತನ ಪ್ರಾರ್ಥನೆ. ಅಪ್ಪ ಹೊಲದಲ್ಲಿ ಬಲು ನಿಧಾನದ ಮನುಷ್ಯ. ಪ್ರಾರ್ಥನೆಯಲ್ಲಿ ಮಾತ್ರ ರೈಲು. ಕರ್ತನ ಪ್ರಾರ್ಥನೆಯನ್ನು ಅವರು ಎಷ್ಟು ವೇಗವಾಗಿ ಹೇಳುತ್ತಿದ್ದರೆಂದರೆ, ಚಿಕ್ಕವನಾಗಿದ್ದಾಗ ನಾನು ಅದನ್ನು ಒಂದೇ ಒಂದು ಉದ್ದನೆಯ ಪದವೆಂದು ತಿಳಿದಿದ್ದೆ. ಆ ಪದದ ಅರ್ಥವೇನೆಂದು ಕೇಳುವ ಪ್ರಸಂಗ ಬಹಳ ಕಾಲ ಬರಲಿಲ್ಲ.

ಆ ಪುಸ್ತಕದ ಕನ್ನಡಕ್ಕೂ ಬಳ್ಳಾರಿಗೂ ಹಳೆಯ ನಂಟಿದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಎಂಬವರು 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಬೈಬಲನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದರು. ಇಡೀ ಬೈಬಲು ಕನ್ನಡಕ್ಕೆ ಬಂದುದು 1831ರ ವೇಳೆಗೆ. ಅಂದರೆ ಇಪ್ಪತ್ತು ವರ್ಷದ ದುಡಿಮೆ. ಅದು ಮುಂದೆ ಹಲವು ಬಾರಿ ತಿದ್ದುಪಡಿಯಾಯಿತು. ಬರೆದವರು ಪರದೇಶದವರಾದರೂ ಆ ಮಾತುಗಳನ್ನು ಬಾಯಿಂದ ಬಾಯಿಗೆ ಸವೆಸಿ ಮನೆಮಾತು ಮಾಡಿದವರು ನಮ್ಮ ಅಜ್ಜಿಯಂಥವರೇ. 1876ರಿಂದ 1878ರವರೆಗೆ ಈ ಸೀಮೆಯನ್ನು ಸುಟ್ಟ ಧಾತು ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸಂಸ್ಥಾನವೊಂದರಲ್ಲೇ ಸುಮಾರು 10 ಲಕ್ಷ ಜನ ಸತ್ತರೆಂದು ಇತಿಹಾಸದ ತರಗತಿಯಲ್ಲಿ ಓದಿದ್ದೇವೆ. ಆ ದಿನಗಳಲ್ಲಿ ಅಂದಿನ ಆಹಾರವನ್ನು ಅಂದು ಬೇಡುವ ಮಾತು ಹೇಳಿದವರ ಬಾಯಲ್ಲಿ ಅದು ಬರಿಯ ಪಾಠವಾಗಿದ್ದಿರಲಾರದು.

ಇಷ್ಟೆಲ್ಲ ಮನೆತನದ ಬಂಡವಾಳವಿದ್ದೂ ನನ್ನ ಸ್ವಂತ ಪ್ರಾರ್ಥನೆ ಬಹುಕಾಲ ವ್ಯಾಪಾರವಾಗಿಯೇ ಇತ್ತೆಂದು ಒಪ್ಪಿಕೊಳ್ಳಬೇಕು. ಪರೀಕ್ಷೆ ಹತ್ತಿರವಾದಂತೆ ನಮ್ಮ ಹಾಸ್ಟೆಲು ಭಕ್ತರ ಬೀಡಾಗುವುದನ್ನು ಬಲ್ಲವರು ಬಲ್ಲರು. ಕೋಟೆಯ ಕಡೆಗೆ ವರ್ಷವಿಡೀ ತಲೆ ಹಾಕದವರು ಏಕನಾಥೇಶ್ವರಿಯ ದರ್ಶನಕ್ಕೆ ಬೆಟ್ಟ ಹತ್ತುತ್ತಾರೆ. ಒಬ್ಬ ತೆಂಗಿನಕಾಯಿ ಹರಸಿಕೊಳ್ಳುತ್ತಾನೆ. ಇನ್ನೊಬ್ಬ ಶನಿವಾರ ಒಪ್ಪೊತ್ತು ಇರುತ್ತಾನೆ. ನಾನು ಪಿ.ಯು.ಸಿ.ಯಲ್ಲಿ ಇಂಗ್ಲಿಷು ಪಾಸಾದರೆ ಭಾನುವಾರದ ಕಾಣಿಕೆಯ ಚೀಲಕ್ಕೆ ನೂರಾಒಂದು ರೂಪಾಯಿ ಹಾಕುವೆನೆಂದು ಮಾತು ಕೊಟ್ಟಿದ್ದೆ. ಪಾಸಾದ ಮೇಲೆ ಐವತ್ತೊಂದಕ್ಕೆ ಇಳಿಸಿದೆ. ದೇವರು ಚೌಕಾಶಿ ಮಾಡಲಿಲ್ಲ. ನಾನೂ ಆ ವಿಷಯ ಮತ್ತೆ ಎತ್ತಲಿಲ್ಲ.

ನಾನು ಎರಡನೆಯ ವರ್ಷದ ಬಿ.ಎ.ಯಲ್ಲಿದ್ದಾಗ, ಶೇಂಗಾ ಕೀಳುವ ಕಾಲದಲ್ಲಿ, ಈ ವ್ಯಾಪಾರ ಮುಗಿಯಿತು. ಆ ವರ್ಷ ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟಿತ್ತು. ಸೋಮವಾರದಿಂದ ಸೆಮಿಸ್ಟರ್ ಪರೀಕ್ಷೆ. ಗುರುವಾರ ಮಧ್ಯಾಹ್ನ ತಂಗಿ ಫೋನು ಮಾಡಿದಳು. ಅಪ್ಪ ಹೊಲದಿಂದ ಬಂದು ನೀರು ಕೇಳಿದರಂತೆ. ಚೊಂಬು ಕೈಯಿಂದ ಜಾರಿತಂತೆ. ಬಾಯಿ ಒಂದು ಪಕ್ಕಕ್ಕೆ ವಾಲಿತಂತೆ. ನಮ್ಮ ಬೀದಿಯಲ್ಲಿ ಆಶಾ ಕಾರ್ಯಕರ್ತೆಯಾಗಿರುವ ಅಕ್ಕನೊಬ್ಬಳು ಓಡಿಬಂದು ಮುಖ ನೋಡಿದವಳೇ 108ಕ್ಕೆ ಫೋನು ಹಚ್ಚಿದಳು. ಸುತ್ತ ನಿಂತವರಲ್ಲಿ ಕೆಲವರು ಲಕ್ವಕ್ಕೆ ನಾಟಿ ಔಷಧವೇ ಒಳ್ಳೆಯದು, ಇಂಥ ಊರಿನಲ್ಲಿ ಕೊಡುತ್ತಾರೆ ಎಂದರಂತೆ. ಅವಳು ಯಾರ ಮಾತನ್ನೂ ಕೇಳಲಿಲ್ಲ. ಮಿದುಳಿನ ರಕ್ತನಾಳ ಕಟ್ಟಿಕೊಂಡು ಬರುವ ಲಕ್ವಕ್ಕೆ ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕೆಂಬುದು ನನಗೆ ಗೊತ್ತಾದದ್ದು ಆಮೇಲೆ. ಆಸ್ಪತ್ರೆಯ ವೈದ್ಯರು ಕೇಳಿದ ಮೊದಲ ಪ್ರಶ್ನೆಯೂ ಅದೇ: "ಶುರುವಾಗಿ ಎಷ್ಟು ಹೊತ್ತಾಯಿತು?"

ನಾನು ದುರ್ಗದಲ್ಲಿ ಬಳ್ಳಾರಿ ಬಸ್ಸು ಹತ್ತಿದೆ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳು ಹೋದವು, ತ.ರಾ.ಸು. ಅವರ ತಳುಕು ಹೋಯಿತು. ನಮ್ಮೂರಿಗೆ ಇಳಿಯುವ ರಾಂಪುರವೂ ಹಿಂದಾಯಿತು. ರಸ್ತೆಯ ಎರಡೂ ಬದಿಯಲ್ಲಿ ಒಣಗಿ ನಿಂತ ಶೇಂಗಾ. ಕತ್ತಲಾದ ಮೇಲೆ ಬಳ್ಳಾರಿಯ ಆಸ್ಪತ್ರೆ ಸೇರಿದಾಗ ಅಪ್ಪ ಒಳಗೆ, ಅಮ್ಮ ಬಾಗಿಲ ಬಳಿ, ನಾನು ಹೊರಗಿನ ಓಣಿಯಂಥ ಮೊಗಸಾಲೆಯಲ್ಲಿ. ಅಲ್ಲಿ ಇಪ್ಪತ್ತು ಮೂವತ್ತು ಜನ ಚಾಪೆ ಹಾಸಿಕೊಂಡು ತಂತಮ್ಮವರ ಸುದ್ದಿಗಾಗಿ ಕಾಯುತ್ತಿದ್ದರು.

ರಾತ್ರಿ ಗೋಡೆಗೊರಗಿ ಪ್ರಾರ್ಥನೆ ಮಾಡಲೆಂದು ಕಣ್ಣು ಮುಚ್ಚಿದೆ. 'ದೇವರೇ' ಎಂಬ ಮೊದಲ ಪದದ ಮುಂದೆ ಎರಡನೆಯ ಪದ ಬರಲಿಲ್ಲ. ಅದರ ಬದಲು ಲೆಕ್ಕ ಬಂತು. ಸ್ಕ್ಯಾನಿಗೆ ಇಷ್ಟು. ಸೊಸೈಟಿಯ ಸಾಲ ಇಷ್ಟು. ಅಮ್ಮನ ಬಳೆ ಒತ್ತೆಯಿಟ್ಟರೆ ಇಷ್ಟು. ಶೇಂಗಾ ಕೀಳಲು ಕೂಲಿ ಎಲ್ಲಿಂದ? ಕೀಳದಿದ್ದರೆ ಬರುವ ವರ್ಷದ ಬೀಜ ಎಲ್ಲಿಂದ? ಸೋಮವಾರ ಪರೀಕ್ಷೆಗೆ ಹೋಗದಿದ್ದರೆ? ಅಪ್ಪ ಇನ್ನು ನೇಗಿಲು ಹಿಡಿಯದಿದ್ದರೆ? ನಾನು ಓದು ಬಿಡಬೇಕೆ? ತಂಗಿಯ ಓದು? ಲೆಕ್ಕ ತಿರುಗಿ ಮೊದಲಿಗೆ ಬರುತ್ತಿತ್ತು. ಗಾಣದ ಎತ್ತಿನ ಹಾಗೆ. ನಡುವೆ ಸಿಟ್ಟೂ ಬಂತು. ಇಷ್ಟು ವರ್ಷ ಸಂಜೆ ಸಂಜೆ ಊರಿನವರ ಹೆಸರು ಹಿಡಿದು ಬೇಡಿಕೊಂಡ ಮನುಷ್ಯನಿಗೆ ಕೊಟ್ಟ ಮರ್ಯಾದೆ ಇದೇ ಏನು? ಎರಡು ರಾತ್ರಿ ಹೀಗೆ ಕಳೆದವು. ನಾನು ಉಣ್ಣಲಿಲ್ಲ, ಮಲಗಲಿಲ್ಲ. ಪುಸ್ತಕವನ್ನು ಮುಟ್ಟಿದ್ದೆ, ಓದಿರಲಿಲ್ಲ.

ಶನಿವಾರ ಅಜ್ಜಿ ಬಂದಳು. ಎಂಬತ್ತು ದಾಟಿದ ಮುದುಕಿ, ಬಸ್ಸಿನಲ್ಲಿ, ರೊಟ್ಟಿಯ ಗಂಟು ಒಂದು ಕೈಯಲ್ಲಿ, ಸತ್ಯವೇದದ ಗಂಟು ಇನ್ನೊಂದು ಕೈಯಲ್ಲಿ. ಮಗನನ್ನು ನೋಡಿಬಂದು ನನ್ನ ಪಕ್ಕದಲ್ಲಿ ಕೂತಳು.

"ಉಂಡೆಯೇನಪ್ಪಾ?"

"ಇಲ್ಲ."

"ಮಲಗಿದೆಯಾ?"

"ಇಲ್ಲ."

"ಮತ್ತೆ ಎರಡು ದಿನ ಏನು ಮಾಡಿದೆ?"

"ಪ್ರಾರ್ಥನೆ ಮಾಡಬೇಕು ಅಂತ ನೋಡಿದೆ, ಅಜ್ಜಿ. ಬರಲಿಲ್ಲ."

ಅವಳು ಬೈಯುವಳೆಂದು ಕಾದೆ. ಅವಳು ರೊಟ್ಟಿಯ ಗಂಟನ್ನು ಬಿಚ್ಚಿದಳು. "ಎಲೀಯನಿಗೂ ಬರಲಿಲ್ಲ ಬಿಡು. ಮೊದಲು ಉಣ್ಣು" ಎಂದಳು.

ಎಲೀಯನ ಕಥೆಯನ್ನು ಬಲ್ಲದ ಸಹಪಾಠಿಗಳಿಗಾಗಿ ಇಲ್ಲಿ ಎರಡು ಮಾತು ಹೇಳಬೇಕು. ಅವನು ಹಳೆಯ ಒಡಂಬಡಿಕೆಯ ದೊಡ್ಡ ಪ್ರವಾದಿ. ಮಳೆ ನಿಲ್ಲಿಸಿದ, ಮಳೆ ತರಿಸಿದ ಕಥೆಗಳೆಲ್ಲ ಅವನವು. ಅಂಥವನು ಒಮ್ಮೆ ರಾಣಿಯ ಕೋಪಕ್ಕೆ ಹೆದರಿ ಅಡವಿಗೆ ಓಡಿಹೋಗಿ, ಒಂದು ಗಿಡದ ಬುಡದಲ್ಲಿ ಕೂತು, ಸಾಕು, ನನ್ನನ್ನು ಸಾಯಿಸಿಬಿಡು ಎಂದು ದೇವರನ್ನು ಕೇಳಿ ಮಲಗಿಬಿಡುತ್ತಾನೆ. ಅಜ್ಜಿಯ ಲೆಕ್ಕದಲ್ಲಿ ಅದು ನಮ್ಮೂರ ಜಾಲಿಗಿಡವೇ. ಆಗ ದೇವದೂತನೊಬ್ಬ ಬರುತ್ತಾನೆ. ಬಂದವನು ಉಪದೇಶ ಮಾಡುವುದಿಲ್ಲ. ನಿನಗೆ ನಂಬಿಕೆ ಕಡಿಮೆಯಾಯಿತೆಂದು ಗದರುವುದಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಇಟ್ಟು, ಎದ್ದು ತಿನ್ನು ಎನ್ನುತ್ತಾನೆ. ಎಲೀಯ ತಿಂದು ಮತ್ತೆ ಮಲಗುತ್ತಾನೆ. ದೂತ ಎರಡನೆಯ ಸಲ ಎಬ್ಬಿಸಿ ಮತ್ತೂ ತಿನ್ನಿಸುತ್ತಾನೆ. ಮಾತುಕತೆ ಏನಿದ್ದರೂ ಆಮೇಲೆ. ಸಾವನ್ನು ಬೇಡಿದ ಪ್ರಾರ್ಥನೆಗೆ ಬಂದ ಉತ್ತರ ರೊಟ್ಟಿ ಮತ್ತು ನಿದ್ದೆ. ಈ ಕಥೆಯನ್ನು ನಾನು ಭಾನುವಾರದ ಶಾಲೆಯಲ್ಲಿ ಹತ್ತು ಸಲ ಕೇಳಿದ್ದೆ. ಆ ದಿನ ಚಟ್ನಿಪುಡಿ ಹಚ್ಚಿದ ರೊಟ್ಟಿಯನ್ನು ಕಚ್ಚುತ್ತಿದ್ದಾಗ ಮೊದಲ ಸಲ ತಿಳಿಯಿತು.

ಉಂಡು ಎರಡು ಗಂಟೆ ನಿದ್ದೆ ಮಾಡಿ ಎದ್ದ ಮೇಲೆ ನನ್ನ ಸಿಟ್ಟನ್ನು ಅಜ್ಜಿಯ ಮುಂದಿಟ್ಟೆ. ದೇವರ ಮೇಲೆ ಸಿಟ್ಟು ಬಂದಿದೆ ಎಂದರೆ ಅವಳು ಹೆದರಲಿಲ್ಲ. ಕೀರ್ತನೆಗಳ ಪುಟ ತೆರೆದು ಓದೆಂದಳು. ಆ ಗ್ರಂಥದಲ್ಲಿ 150 ಕೀರ್ತನೆಗಳಿವೆ. ಅವುಗಳಲ್ಲಿ ಮೂರರಲ್ಲೊಂದು ಪಾಲಿಗೂ ಹೆಚ್ಚಿನವು ದೂರು, ಅಳಲು, ಮೊರೆ. ಎಷ್ಟು ಕಾಲ ಮುಖ ಮರೆಸಿಕೊಳ್ಳುವೆ, ನನ್ನ ಮಾತು ಕೇಳಿಸುವುದಿಲ್ಲವೇ ಎಂದು ನೇರವಾಗಿ ದೇವರನ್ನೇ ಕೇಳುವ ಹಾಡುಗಳು. 88ನೆಯದಂತೂ ಕಡೆಯವರೆಗೂ ಬೆಳಕು ಕಾಣದೆ ಕತ್ತಲಿನಲ್ಲೇ ಮುಗಿಯುತ್ತದೆ. ಮುಗಿಸುವಾಗ ಒಂದು ಸಮಾಧಾನದ ಸಾಲು ಸೇರಿಸೋಣವೆಂದು ಯಾರಿಗೂ ತೋರಲಿಲ್ಲ. ಸೇರಿಸದೆ ಬಿಟ್ಟದ್ದನ್ನು ಎರಡು ಸಾವಿರ ವರ್ಷಕ್ಕೂ ಮೇಲ್ಪಟ್ಟು ಜನ ಪ್ರಾರ್ಥನೆಯೆಂದೇ ಓದಿಕೊಂಡು ಬಂದಿದ್ದಾರೆ. ಯೇಸುವೇ ಶಿಲುಬೆಯ ಮೇಲೆ ಕೂಗಿದ್ದು 22ನೆಯ ಕೀರ್ತನೆಯ ಮೊದಲ ಮಾತನ್ನು, ಅದೂ ದೂರೇ. ಇದನ್ನು ತಿಳಿದ ಮೇಲೆ ನನಗೆ ಒಂದು ಹೊರೆ ಇಳಿದಂತಾಯಿತು. ನನ್ನ ಸಿಟ್ಟು ಪ್ರಾರ್ಥನೆಗೆ ಅಡ್ಡಿಯೆಂದು ನಾನು ತಿಳಿದಿದ್ದೆ. ಅದನ್ನೇ ಪ್ರಾರ್ಥನೆಯಾಗಿ ಹೇಳಬಹುದಾಗಿತ್ತು. ದೇವರ ಮುಂದೆ ಮುಖ ತೊಳೆದುಕೊಂಡೇ ನಿಲ್ಲಬೇಕೆಂಬ ನಿಯಮ ಎಲ್ಲಿಯೂ ಇರಲಿಲ್ಲ.

ಆಮೇಲೆ ಅಜ್ಜಿ ಕರ್ತನ ಪ್ರಾರ್ಥನೆ ಹೇಳಿದಳು. ಅಪ್ಪನ ರೈಲಿನ ವೇಗದಲ್ಲಲ್ಲ, ಒಂದೊಂದೇ ಮಾತಾಗಿ. ಆಹಾರವನ್ನು ಬೇಡುವ ಮಾತು ಬಂದಾಗ ನಿಲ್ಲಿಸಿದಳು. "ಇಲ್ಲಿ ಏನಿದೆ ನೋಡು. 'ಈಹೊತ್ತು' ಅಂತಿದೆ. ನೀನು ಎರಡು ದಿನದಿಂದ ಮಾಡ್ತಿರೋ ಲೆಕ್ಕದಲ್ಲಿ ಈಹೊತ್ತಿಂದು ಎಷ್ಟು?"

ನಾನು ಯೋಚಿಸಿ ನೋಡಿದೆ. ನನ್ನ ಲೆಕ್ಕವೆಲ್ಲ ನಾಳೆಯದು, ಸೋಮವಾರದ್ದು, ಬರುವ ವರ್ಷದ್ದು. ಈಹೊತ್ತಿನದೆಂದು ಹೆಕ್ಕಿದರೆ ಮೂರೇ ಉಳಿದವು. ಕೆಳಗಿನ ಅಂಗಡಿಯಿಂದ ಚೀಟಿಯಲ್ಲಿದ್ದ ಔಷಧ ತರುವುದು. ಕಾಲೇಜಿನ ಅಧ್ಯಾಪಕರೊಬ್ಬರಿಗೆ ಫೋನು ಮಾಡಿ ಪರೀಕ್ಷೆಯ ವಿಷಯ ತಿಳಿಸಿ ದಾರಿ ಕೇಳುವುದು. ರಾತ್ರಿ ಅಮ್ಮನನ್ನು ಮಲಗಿಸಿ ನಾನು ಬಾಗಿಲ ಬಳಿ ಕೂರುವುದು. ಮೂರನ್ನೂ ಮಾಡಿದೆ. ಭಾನುವಾರ ಬೆಳಿಗ್ಗೆ ಇನ್ನೊಂದು ಈಹೊತ್ತು ಬಂತು; ಅದಕ್ಕೆ ಬೇರೆ ಮೂರು ಕೆಲಸಗಳಿದ್ದವು.

ಈ ಪ್ರಾರ್ಥನೆ ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿದೆ; ಅದೇ ಅಧ್ಯಾಯದ ಕೊನೆಗೆ ನಾಳೆಯ ಚಿಂತೆ ಬೇಡವೆಂಬ ಬುದ್ಧಿಮಾತೂ ಇದೆ. ಇನ್ನೂ ಹಳೆಯ ಕಥೆ ವಿಮೋಚನಕಾಂಡದ ಮನ್ನಾದ್ದು: ಅಡವಿಯಲ್ಲಿ ನಡೆದ ಜನರಿಗೆ ಆಹಾರ ದಿನದಿನವೂ ಬೀಳುತ್ತಿತ್ತು, ಅಂದಿನದನ್ನು ಅಂದೇ ಆಯಬೇಕು, ನಾಳೆಗೆಂದು ಮುಚ್ಚಿಟ್ಟರೆ ಹುಳ ಬೀಳುತ್ತಿತ್ತು. ಕಾಳನ್ನು ಹಗೇವಿನಲ್ಲಿಟ್ಟು ಬರಗಾಲ ದಾಟಿದ ನಮ್ಮ ಸೀಮೆಯ ಜನಕ್ಕೆ ಈ ಮಾತು ಅಷ್ಟು ಸುಲಭವಾಗಿ ಒಗ್ಗುವುದಿಲ್ಲ. ಅಪ್ಪ ಇದಕ್ಕೆ ಹಿಂದೆಯೇ ಒಂದು ಅರ್ಥ ಹೇಳಿದ್ದರು: "ನಾಳೆ ಚಿಂತೆ ಬೇಡ ಅಂದರೆ ಬಿತ್ತನೆ ಬೀಜ ತಿಂದುಬಿಡು ಅಂತಲ್ಲ. ಬೀಜ ಎತ್ತಿಡೋದು ಈಹೊತ್ತಿನ ಕೆಲಸ. ಮಳೆ ಬರ್ತದೋ ಇಲ್ಲವೋ ಅನ್ನೋದು ಈಹೊತ್ತಿನ ಕೆಲಸ ಅಲ್ಲ." ಯೋಜನೆಗೂ ಚಿಂತೆಗೂ ಇರುವ ಅಂತರವನ್ನು ಇದಕ್ಕಿಂತ ಚೆನ್ನಾಗಿ ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

ಮುಂದೇನಾಯಿತೆಂದು ಹೇಳದೆ ಬಿಟ್ಟರೆ ನ್ಯಾಯವಲ್ಲ. ಸೋಮವಾರದ ಪತ್ರಿಕೆಯನ್ನು ನಾನು ಬರೆಯಲಿಲ್ಲ. ಬುಧವಾರದ್ದನ್ನು ಬರೆದೆ. ಬಿಟ್ಟುಹೋದದ್ದನ್ನು ಮುಂದಿನ ಸಲ ಕಟ್ಟಿ ಪಾಸು ಮಾಡಿಕೊಂಡೆ. ಅಪ್ಪ ಉಳಿದರು, ಆದರೆ ಬಲಗೈಗೆ ಮೊದಲಿನ ಶಕ್ತಿ ಬರಲಿಲ್ಲ, ನಾಲಿಗೆ ತೊದಲುತ್ತದೆ. ಅಮ್ಮನ ಬಳೆ ಇನ್ನೂ ಒತ್ತೆಯಲ್ಲಿದೆ. ಕೇಳಿದ್ದೆಲ್ಲ ಸಿಕ್ಕಿತೆಂದು ನಾನು ಸಾಕ್ಷಿ ಹೇಳಲಾರೆ.

"ಹಾಗಾದರೆ ಪ್ರಾರ್ಥನೆಯಿಂದ ಬಂದದ್ದೇನು? ನಿನ್ನಪ್ಪನನ್ನು ಉಳಿಸಿದ್ದು 108 ಮತ್ತು ಔಷಧ" ಎಂದು ನನ್ನ ಕೊಠಡಿಯ ಗೆಳೆಯ ಕೇಳಿದ. ಅವನು ದೇವರನ್ನು ನಂಬುವವನಲ್ಲ. ನನ್ನ ಬಿಟ್ಟುಹೋದ ಪತ್ರಿಕೆಗೆ ರಾತ್ರಿಯೆಲ್ಲ ಕೂತು ಟಿಪ್ಪಣಿ ಬರೆದುಕೊಟ್ಟವನೂ ಅವನೇ. ಅವನ ಮಾತನ್ನು ತಳ್ಳಿಹಾಕಲಾಗುವುದಿಲ್ಲ. ಅಮೆರಿಕದ 6 ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯಾದ 1,802 ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಕೆಲವರಿಗಾಗಿ ಬೇರೆಯವರಿಂದ ಪ್ರಾರ್ಥನೆ ಮಾಡಿಸಲಾಗಿತ್ತು, ಕೆಲವರಿಗೆ ಇಲ್ಲ. ಗುಣವಾಗುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆಯೆಂದು ಖಚಿತವಾಗಿ ತಿಳಿದಿದ್ದವರಲ್ಲಿ ತೊಡಕುಗಳು ಸ್ವಲ್ಪ ಹೆಚ್ಚೇ ಕಂಡವು. ಪ್ರಾರ್ಥನೆಯನ್ನು ಗುಂಡಿ ಒತ್ತಿದರೆ ಉರಿಯುವ ದೀಪವೆಂದುಕೊಂಡವರಿಗೆ ಇದು ಪೆಟ್ಟೇ ಸರಿ. ಆದರೆ ಹಾಗೆಂದುಕೊಳ್ಳಲು ಸತ್ಯವೇದವೇ ಎಡೆಗೊಡುವುದಿಲ್ಲ. ಪೌಲನು ತನ್ನ ಮೈಯಲ್ಲಿನ ಮುಳ್ಳೊಂದನ್ನು ತೆಗೆಯೆಂದು ಮೂರು ಸಲ ಬೇಡಿದ, ಮುಳ್ಳು ಹೋಗಲಿಲ್ಲ. ಗೆತ್ಸೇಮನೆಯ ತೋಟದಲ್ಲಿ ಯೇಸು ಈ ಪಾತ್ರೆಯನ್ನು ನನ್ನಿಂದ ದೂರ ಮಾಡೆಂದು ಬೇಡಿದ, ಜೊತೆಗಿದ್ದ ಶಿಷ್ಯರು ಆ ಹೊತ್ತಿನಲ್ಲಿ ನಿದ್ದೆ ಹೋಗಿದ್ದರು, ಪಾತ್ರೆ ದೂರವಾಗಲಿಲ್ಲ. ಬೇಡಿ ಎದ್ದವನು ಮಾತ್ರ ಬೇಡುವ ಮೊದಲಿನವನಾಗಿರಲಿಲ್ಲ. ಬಂದದ್ದನ್ನು ಎದುರುಗೊಳ್ಳಲು ನಡೆದುಹೋದ.

ಇನ್ನೊಂದು ಅಧ್ಯಯನವೂ ಇದೆ. ಇಟಲಿಯ ವೈದ್ಯರು 2001ರಲ್ಲಿ ಪ್ರಕಟಿಸಿದ್ದು. 23 ಜನರದ್ದು, ಚಿಕ್ಕದು. ಕ್ಯಾಥೊಲಿಕರು ಜಪಮಾಲೆ ಹಿಡಿದು ಹೇಳುವ ಮರಿಯಮ್ಮನ ಜಪವನ್ನು ಲ್ಯಾಟಿನ್ನಿನಲ್ಲಿ ಹೇಳಿದರೂ, ಯೋಗದ ಮಂತ್ರ ಹೇಳಿದರೂ, ಉಸಿರು ತಾನಾಗಿ ನಿಮಿಷಕ್ಕೆ ಸುಮಾರು 6ಕ್ಕೆ ಇಳಿದು, ಹೃದಯದ ಲಯ ಅದಕ್ಕೆ ಹೊಂದಿಕೊಂಡಿತೆಂದು ಅವರು ಕಂಡರು. ಜಪ ಯಾವ ಧರ್ಮದ್ದೆಂದು ಶ್ವಾಸಕೋಶ ಕೇಳಲಿಲ್ಲ. ಮೊಗಸಾಲೆಯಲ್ಲಿ ಅಜ್ಜಿಯ ನಿಧಾನದ ಮಾತಿನ ಹಿಂದೆ ಹೋಗುತ್ತಿದ್ದಾಗ ನನ್ನ ಎದೆಬಡಿತ ಇಳಿದದ್ದು ನಿಜ. ಅದಕ್ಕೆ ದೇಹಶಾಸ್ತ್ರದ ಕಾರಣವಿದ್ದರೆ ನನಗೆ ಬೇಸರವಿಲ್ಲ. ಶೇಂಗಾ ಮೊಳೆಯುವುದಕ್ಕೂ ಕಾರಣವಿದೆ. ಅದರಿಂದ ಅಪ್ಪನ ಕೃತಜ್ಞತೆ ಕಡಿಮೆಯಾಗಿಲ್ಲ.

ಗೆಳೆಯನಿಗೆ ನಾನು ಕೊಟ್ಟ ಉತ್ತರ ಇಷ್ಟು: ಪ್ರಾರ್ಥನೆ ನನ್ನ ಹೊರೆಯನ್ನು ಇಳಿಸಲಿಲ್ಲ, ಅದನ್ನು ದಿನದ ಅಳತೆಗೆ ಕಡಿದುಕೊಟ್ಟಿತು. ಮಾತೇ ಹೊರಡದ ಹೊತ್ತಿನಲ್ಲಿ, ನನಗಿಂತ ಹೆಚ್ಚು ಕಷ್ಟಪಟ್ಟವರು ಸವೆಸಿಟ್ಟ ಮಾತನ್ನು ಬಾಯಿಗೆ ಕೊಟ್ಟಿತು. ನಾನೊಬ್ಬನೇ ಲೆಕ್ಕ ಹಾಕುತ್ತಿಲ್ಲವೆಂದು ತಿಳಿಸಿತು. ಅದಕ್ಕೆ ಮೀರಿದ್ದನ್ನು ನಾನು ನಂಬುತ್ತೇನೆ. ಆದರೆ ಅದನ್ನು ರುಜುವಾತು ಮಾಡುವ ಗೋಜಿಗೆ ಹೋಗುವುದಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಎಲೀಯನಂತೆ ಸಾಕು, ಸಾಯೋಣವೆನ್ನುವ ಯೋಚನೆ ನಮ್ಮ ನಡುವೆಯೂ ಯಾರಿಗಾದರೂ ಬಂದೀತು. ಅಂಥವರಿಗೆ ಪ್ರಾರ್ಥನೆ ಮಾಡು ಎಂದಷ್ಟೇ ಹೇಳಿ ಎದ್ದುಹೋಗುವುದು ದೇವದೂತನ ಕೆಲಸವಲ್ಲ. ರೊಟ್ಟಿ ಕೊಡಬೇಕು, ಪಕ್ಕದಲ್ಲಿ ಕೂರಬೇಕು, ವೈದ್ಯರ ಬಳಿಗೆ ಕರೆದೊಯ್ಯಬೇಕು. ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿಮಾನಸ್‌ನ 14416 ಎಂಬ ಸಂಖ್ಯೆಗೆ ಯಾರೇ ಆಗಲಿ ಹಣವಿಲ್ಲದೆ ಫೋನು ಮಾಡಿ ಮನಸ್ಸಿನ ಕಷ್ಟ ಹೇಳಿಕೊಳ್ಳಬಹುದು. ಲಕ್ವಕ್ಕೆ 108 ಹೇಗೋ ಮನಸ್ಸಿಗೆ ಇದು ಹಾಗೆ. ಎರಡನ್ನೂ ಬಳಸಿದವನ ಭಕ್ತಿಗೆ ಊನವಿಲ್ಲ.

ಶೇಂಗಾದ ಕಥೆ ಬಾಕಿಯಿದೆ. ನಾವು ಅಪ್ಪನನ್ನು ಕರೆದುಕೊಂಡು ಊರಿಗೆ ಬಂದಾಗ ಹೊಲ ಖಾಲಿಯಾಗಿತ್ತು. ಮನೆಯ ಪಡಸಾಲೆಯಲ್ಲಿ ಏಳು ಚೀಲಗಳಿದ್ದವು. ಬೀದಿಯವರು ಒಂದು ದಿನ ತಮ್ಮ ಕೆಲಸ ಬಿಟ್ಟು ನಮ್ಮ ಬೆಳೆ ಕಿತ್ತು, ಬಿಡಿಸಿ, ಒಣಗಿಸಿ ತುಂಬಿದ್ದರು. ಕಾಯಿ ಜೊಳ್ಳೇ ಹೆಚ್ಚು. ಆದರೆ ಬೀಜಕ್ಕೆ ಸಾಕಾಗುವಷ್ಟು ಗಟ್ಟಿಯದನ್ನು ಆರಿಸಿ ಒಂದು ಚೀಲವನ್ನು ಬೇರೆ ಇಟ್ಟಿದ್ದರು. ಮಳೆರಾಯನನ್ನು ಹೊತ್ತ ಹುಡುಗರ ಮನೆಯವರಿದ್ದರು, ನಮಾಜು ಮಾಡುವವರಿದ್ದರು. ಅಪ್ಪ ಸಂಜೆಯ ಪ್ರಾರ್ಥನೆಯಲ್ಲಿ ಹೆಸರು ಹಿಡಿಯುತ್ತಿದ್ದವರೇ ಎಲ್ಲರೂ. ಅವರಿಗೆ ಆ ವಿಷಯ ಗೊತ್ತಿರಲಿಲ್ಲ. ಅಪ್ಪ ಎಂದೂ ಹೇಳಿಕೊಂಡವರಲ್ಲ. ಆಸ್ಪತ್ರೆಯಲ್ಲಿ ನಾನು ಸಿಟ್ಟಿನಿಂದ ಕೇಳಿದ ಮರ್ಯಾದೆಯ ಪ್ರಶ್ನೆ ಆ ಚೀಲಗಳ ಮುಂದೆ ನಿಂತಾಗ ನೆನಪಾಗಿ ತಲೆ ತಗ್ಗಿತು.

ನಮ್ಮ ಹೋಬಳಿಯ ಸುತ್ತಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ; 1892ರಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ತಂದೆತಾಯಿಗಳ ಸೇವೆ ಮಾಡು, ಪ್ರಾಣಿಗಳಲ್ಲಿ ದಯೆಯಿರಲಿ, ಸತ್ಯ ನುಡಿ ಎಂಬುದು ಅಲ್ಲಿನ ಬುದ್ಧಿವಾದದ ಸಾರ. ಪರೀಕ್ಷೆಗೆ ಅದನ್ನು ಎರಡು ಅಂಕದ ಉತ್ತರವಾಗಿ ಉರುಹೊಡೆದಿದ್ದೆ. ಈಗ ರಜೆಯಲ್ಲಿ ಊರಿಗೆ ಹೋದಾಗ ಅಪ್ಪನ ಗಡ್ಡ ಹೆರೆದು, ಪಂಚೆ ಉಡಿಸಿ, ಬಲಗೈಯ ಬೆರಳುಗಳನ್ನು ವೈದ್ಯರು ಹೇಳಿದಂತೆ ಒಂದೊಂದಾಗಿ ಮಡಿಸಿ ಬಿಡಿಸುತ್ತೇನೆ. ಬಂಡೆಯ ಮೇಲಿನ ಮಾತೂ ಅಜ್ಜಿ ತೋರಿಸಿದ 'ಈಹೊತ್ತು' ಎಂಬ ಮಾತೂ ಆಗ ಒಂದೇ ಕೆಲಸವಾಗುತ್ತವೆ.

ಸಂಜೆ ಏಳಕ್ಕೆ ಅಜ್ಜಿ ಪಂಚೆಯ ತುಂಡನ್ನು ಬಿಚ್ಚುತ್ತಾಳೆ. ಪಕ್ಕದ ಮನೆಯ ಧಾರಾವಾಹಿಯ ಜಗಳ ಇನ್ನೂ ಮುಗಿದಿಲ್ಲ. ಕರ್ತನ ಪ್ರಾರ್ಥನೆಯನ್ನು ಈಗಲೂ ಅಪ್ಪನೇ ಹೇಳಬೇಕೆಂಬುದು ಅಜ್ಜಿಯ ಹಟ. ರೈಲು ಹೋಗಿ ಈಗ ಎತ್ತಿನ ಗಾಡಿಯಾಗಿದೆ. ಒಂದೊಂದು ಪದಕ್ಕೂ ಅವರ ನಾಲಿಗೆ ಏರು ಹತ್ತಬೇಕು. ಚಿಕ್ಕಂದಿನಲ್ಲಿ ಒಂದೇ ಪದವೆಂದುಕೊಂಡದ್ದರಲ್ಲಿ ಎಷ್ಟು ಪದಗಳಿವೆಯೆಂದು ನನಗೆ ಈಗ ಗೊತ್ತು. ಕಳೆದ ಸಲ ನಾನು ಹೋಗಿದ್ದಾಗ ಆಹಾರದ ಮಾತಿನ ಬಳಿ ಅವರು ಸಿಕ್ಕಿಕೊಂಡರು. ತುಟಿ ಅಲುಗುತ್ತದೆ, ಪದ ಬರುವುದಿಲ್ಲ. ಒಳಗೆ ಒಲೆಯ ಮೇಲೆ ಸಾರು ಉಕ್ಕಿದ ಸದ್ದಾಯಿತು. ಅಮ್ಮ ಏಳಲಿಲ್ಲ. ಯಾರೂ ಹೇಳಿಕೊಡಲಿಲ್ಲ, ಕಾದೆವು. ಕಡೆಗೆ ಅಪ್ಪ ಉಸಿರೆಳೆದುಕೊಂಡು, "ಈ... ಹೊತ್ತು" ಎಂದರು. ನಾವೆಲ್ಲ ಮುಂದಿನ ಮಾತಿಗೆ ಹೋದೆವು.